ಹನ್ನೊಂದು ಪಾಯಿಂಟ್ ಒಂಬತ್ತು

ಕುಮಾಸಿಯ ಕೆಂಪು ಧೂಳು, ಸುವಾಮೆಯ ಗ್ಯಾರೇಜು ಸಾಲು.
ದಂಕ್ವಾನ ಟ್ರೋಟ್ರೋ ಮೂತಿ ತೆರೆದು ನಿಂತಿದೆ.
ಮೂರು ತಿಂಗಳಲ್ಲಿ ಎರಡು ಬ್ಯಾಟರಿ ಬದಲಿಸಿದವನು,
ಮೂರನೆಯದು ತೊಡೆಯ ಮೇಲೆ, ಕೂಸಿನ ಹಾಗೆ.
ಜ್ವರ ಎತ್ತಿಗೆ, ಬರೆ ಎಮ್ಮೆಗೆ.

ಮೇಸ್ತ್ರಿ ಸೆರ್ವಾ ಅದನ್ನು ನೋಡಲೂ ಇಲ್ಲ.
ಇಂಜಿನ್ ಶುರು ಮಾಡಿಸಿ ಮೀಟರಿನ ಕಡ್ಡಿ ಊರಿದಳು:
ಹನ್ನೊಂದು ಪಾಯಿಂಟ್ ಒಂಬತ್ತು.
"ದೀಪ ಹಾಕು." ಹನ್ನೊಂದು ಪಾಯಿಂಟ್ ಐದು.
"ಆಕ್ಸಿಲರೇಟರ್ ಒತ್ತು."
ಗದ್ದಲ ಏರಿತು, ಅಂಕಿ ಏರಲಿಲ್ಲ.

ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು:
ಆಲ್ಟರ್ನೇಟರಿನ ಬೆನ್ನಿಗೆ ಹಿಡಿ, ಎಳೆಯುತ್ತದಾ ನೋಡು.
ಹಿಡಿದೆ. ಕಬ್ಬಿಣದ ಮುಂದೆ ಕಬ್ಬಿಣ,
ಮಾತು ಬಿಟ್ಟ ದಾಯಾದಿಗಳು.

ಮೊದಲು ಮೈನಸ್ ತಂತಿ, ಆಮೇಲೆ ಬೆಲ್ಟು.
ಎರಡು ಬೋಲ್ಟು ಸುಮ್ಮನೆ ಬಂದವು; ಮೂರನೆಯದು ಕೇಳಿದ್ದು
ಸೀಮೆಎಣ್ಣೆ, ಬೈಗುಳ, ನನ್ನ ಬೆರಳಗಂಟಿನ ಚರ್ಮ.
ಬಿಚ್ಚಿದರೆ ಒಳಗೆ ಎರಡು ಕಾರ್ಬನ್ ಬ್ರಷ್ಷು,
ಸವೆದು ಸವೆದು
ಬಳಪದ ಕೊನೆಯ ಚೂರು.

"ಹನ್ನೊಂದು ವರ್ಷ," ಅಂದ ದಂಕ್ವಾ,
"ಇದು ಒಳಗಿದೆಯೆಂದೇ ಗೊತ್ತಿರಲಿಲ್ಲ."
"ತಾಮ್ರದ ತೂಕಕ್ಕೆ ಎಂಬತ್ತು ಸೇಡಿ ಬಿಡುತ್ತೇನೆ,"
ಅಂದಳು ಸೆರ್ವಾ.

ಹಾಕಿದ್ದು ಜಪಾನಿನಲ್ಲಿ ಹಳತಾಗಿ ಬಂದದ್ದು;
ಇಲ್ಲಿ ಅದೇ ಹೊಸತು.
ಹದಿನಾಲ್ಕು ಪಾಯಿಂಟ್ ಎರಡು.
ಸೀಮೆಸುಣ್ಣದಲ್ಲಿ ಬಾನೆಟ್ಟಿನ ಒಳಗೆ ಬರೆದಳು,
ಕೆಳಗೊಂದು ಗೆರೆ ಎಳೆದಳು.

ಮಟಮಟ ಮಧ್ಯಾಹ್ನ. ದಂಕ್ವಾ
ಎರಡೂ ಹೆಡ್‌ಲೈಟ್ ಉರಿಸಿಕೊಂಡು,
ಮಳೆಯಿಲ್ಲದೆ ವೈಪರ್ ಆಡಿಸಿಕೊಂಡು
ಕೆಜೆಟಿಯಾ ಕಡೆ ಹೊರಟ.
ಆರಿಸು ಅಂತ ಸೆರ್ವಾ ಕೂಗಲಿಲ್ಲ.
ಬೆಂಚಿನ ಮೇಲೆ ಅವನ ಮೂರನೆಯ ಬ್ಯಾಟರಿ
ಪ್ಲಾಸ್ಟಿಕ್ ಕೂಡ ಬಿಚ್ಚದೆ ಕೂತಿತ್ತು.