ಗೊರಸಿನ ಮೇಲಿನ ಅಂಕೆ

ಯಾವ ರೆಜಿಮೆಂಟು? ಎಂದು ಮೊದಲು ಕೇಳಿದಳು.
ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ, ಎಂದೆ.
ವಿಯೆನ್ನಾದ ಗಾಜಿನ ಕಿಂಡಿಯಾಚೆ ಆಕೆ ನಗಲಿಲ್ಲ.
ನನ್ನ ಪೆನ್ನು ಇಸಿದುಕೊಂಡು ಪೆನ್ಸಿಲ್ ಕೊಟ್ಟಳು:
ಇಲ್ಲಿ ಶಾಯಿಗೆ ಪ್ರವೇಶವಿಲ್ಲ.

ಮುತ್ತಜ್ಜ ಯೆರ್ನೇಯ್ ಕಾವ್ಚಿಚ್ ಹುಟ್ಟಿದ ಮನೆ
ಸೋಚಾ ನದಿಯ ಎಡದಂಡೆಯಲ್ಲಿ ಈಗಲೂ ಇದೆ,
ಕಲ್ಲಿನದು, ಒಂದಿಂಚೂ ಕದಲಿಲ್ಲ.
ದೇಶಗಳೇ ಬಂದು ಬಂದು ಹೋದವು,
ಜಗಲಿಗೆ ಬಂದಿಳಿದ ನೆಂಟರಂತೆ,
ಹೋಗುವಾಗ ಒಬ್ಬೊಬ್ಬರೂ
ಒಂದಿಷ್ಟು ಕಾಗದ ಬಾಚಿಕೊಂಡು.

ಹಾಗಾಗಿ ಅವನ ಹುಟ್ಟು ಲ್ಯಾಟಿನ್ನಿನಲ್ಲಿ,
ಯುದ್ಧದ ಕರೆ ಜರ್ಮನ್ನಿನಲ್ಲಿ,
ಹೆಂಡತಿಯ ಪಿಂಚಣಿ ಅರ್ಜಿ ಇಟಾಲಿಯನ್ನಿನಲ್ಲಿ, ತಿರಸ್ಕೃತ.
ಅವಳು ಅತ್ತದ್ದು ಮಾತ್ರ ನಮ್ಮ ಮಾತಿನಲ್ಲಿ,
ಅದಕ್ಕೆ ಕಡತವಿಲ್ಲ.

ಮೂವತ್ತೊಂದು ವರ್ಷ ರೈಲ್ವೆ ಕಿಟಕಿಯಲ್ಲಿ ಕೂತು
ಊರೂರಿಗೆ ಟಿಕೆಟ್ ಹರಿದುಕೊಟ್ಟವಳು ನಾನು,
ಎಲ್ಲಿಗೂ ಹೋದವಳಲ್ಲ.
ಈಗ ವಿಯೆನ್ನಾ ಅಂದಿತು: ಲುಬ್ಲಿಯಾನಾದಲ್ಲಿ ಕೇಳಿ,
ಪೆಟ್ಟಿಗೆಗಳನ್ನು ಆಗಲೇ ಹಂಚಿಕೊಂಡಾಯಿತು,
ಹಿಸ್ಸೆಯಾದ ಮನೆಯ ಪಾತ್ರೆಗಳ ಹಾಗೆ.
ಲುಬ್ಲಿಯಾನಾ ಅಂದಿತು: ಆ ಅಕ್ಷರದ ಪೆಟ್ಟಿಗೆ
ನಮ್ಮ ಪಾಲಿಗೆ ಬರಲೇ ಇಲ್ಲ.
ತ್ರಿಯೆಸ್ತೆಯ ಬಾಗಿಲ ಮೇಲೆ ಚೀಟಿ:
ಛಾವಣಿ ಸೋರುತ್ತಿದೆ, ಅಕ್ಟೋಬರಿನಲ್ಲಿ ಬನ್ನಿ.

ಅಕ್ಟೋಬರಿನಲ್ಲಿ ಹೋದೆ.

ದಾಪ್ರೆತ್ತೋ ಎಂಬ ಗುಮಾಸ್ತ, ನಿವೃತ್ತಿಗೆ ಹನ್ನೊಂದು ದಿನ ಬಾಕಿ,
ಬಕೆಟ್ಟಿಗೆ ತೊಟ್ಟಿಕ್ಕುವ ನೀರಿನ ನಡುವೆ ಹೇಳಿದ:
ಮನುಷ್ಯನನ್ನು ಹುಡುಕಬೇಡಿ, ಸಿನ್ಯೋರಾ.
ಸೈನ್ಯಕ್ಕೆ ಆಳಿನ ಲೆಕ್ಕ ತಪ್ಪೀತು,
ಸಾಮಾನಿನ ಲೆಕ್ಕ ತಪ್ಪದು.
ಅವನು ಏನು ಹೊತ್ತ, ಏನು ಹೊಡೆದುಕೊಂಡು ಹೋದ,
ಯಾವುದಕ್ಕೆ ರುಜು ಹಾಕಿದ, ಅದನ್ನು ಹುಡುಕಿ.

ಅಜ್ಜಿಗೆ ತನ್ನಪ್ಪನ ನೆನಪು ಒಂದೇ ಇತ್ತು.
ರಜೆಗೆ ಬಂದವನ ಕೋಟಿಗೆ
ಬೆವರಿದ ಪ್ರಾಣಿಯ ವಾಸನೆ.

ಕಣಿವೆಯ ಕೊನೆಯ ಬಸ್ಸು ನಿಲ್ಲುವಲ್ಲಿ
ಮುಚ್ಚಿಹೋದ ಶಾಲೆಯ ನೆಲಮಾಳಿಗೆ, ಅದೇ ಮ್ಯೂಸಿಯಂ.
ಬೀಗದ ಕೈ ಬ್ರೆಡ್ಡಿನಂಗಡಿಯಲ್ಲಿ.
ವೇಳೆ: ಭಾನುವಾರ, ವೆಂತ್ಸೆಲ್ಯನ ಮಂಡಿ ನೋಯದಿದ್ದರೆ.
ಅವನು ಒಮ್ಮೆ ವಿದ್ಯುತ್ ಕಂಬ ಹತ್ತುತ್ತಿದ್ದವನು,
ಕಂಬಕ್ಕೆ ಗುಂಡಿ ತೋಡಿದಲ್ಲೆಲ್ಲ ಶೆಲ್ಲು, ಚಮಚ, ಬೂಟಿನ ಅಟ್ಟೆ.
ಒಂದೊಂದಕ್ಕೂ ಚೀಟಿ ಬರೆದಿದ್ದಾನೆ ಮಕ್ಕಳ ಅಕ್ಷರದಲ್ಲಿ.
ಒಂದು ಚೀಟಿಯ ಮೇಲೆ: ಇದೇನೋ ನನಗೂ ತಿಳಿಯದು.

ದೊಡ್ಡ ಆರ್ಕೈವುಗಳಲ್ಲಿ ಯಾರೂ ಹಾಗೆ ಬರೆದಿರಲಿಲ್ಲ.

ಕಪಾಟಿನ ತಳದಲ್ಲಿ ಪಶುವೈದ್ಯರ ದಾಖಲೆ ಪುಸ್ತಕ,
ಅರ್ಧ ಹಾಳೆಗಳು ಬೆಣ್ಣೆ ಕಟ್ಟಲು ಹೋಗಿದ್ದವು.
ಉಳಿದರ್ಧದಲ್ಲಿ:
ಹೇಸರಗತ್ತೆ, ಹೆಣ್ಣು, ಗೊರಸಿನ ಮೇಲೆ ೪೧೭.
ಕಂದು ಬಣ್ಣ. ಎತ್ತರ ನೂರ ನಲವತ್ತೊಂದು.
ಎಡಗಿವಿ ಹರಿದಿದೆ. ಕಚ್ಚುತ್ತದೆ.
ಸೇತುವೆಗೆ ಹೆದರುತ್ತದೆ, ಕಣ್ಣಿಗೆ ಬಟ್ಟೆ ಕಟ್ಟಿ ದಾಟಿಸುವುದು.
ನಡೆಸುವವನು: ಕೌಶಿಚ್, ಯೆ.

ಕೌಶಿಚ್. ಯಾವನೋ ಜರ್ಮನ್ ಕಾರಕೂನನ ಕಿವಿ
ನಮ್ಮ ಹೆಸರನ್ನು ಕೇಳಿಸಿಕೊಂಡದ್ದು ಹಾಗೆ.
ಅದಕ್ಕೇ ಮೂರು ರಾಜಧಾನಿಗಳಲ್ಲಿ ಅವನಿರಲಿಲ್ಲ.

ಪುಟ ತಿರುವಿದೆ. ೧೯೧೬, ಡಿಸೆಂಬರ್.
೪೧೭: ಹಿಮಪಾತ. ಹೊರೆ, ಎಂಟು ಪೆಟ್ಟಿಗೆ, ನಷ್ಟ.
ಜೀನು ನಷ್ಟ. ಚರ್ಮ ದೊರೆತಿಲ್ಲ.
ಮುಂದೆ ಅಂಕಣವೇ ಇಲ್ಲ,
ಪಕ್ಕದಲ್ಲಿ ನಡೆಯುತ್ತಿದ್ದವನಿಗೆ.

ಎಷ್ಟು ಹೊತ್ತು ಕೂತಿದ್ದೆನೋ.
ವೆಂತ್ಸೆಲ್ ಮೇಲಿಂದ ಬಿಸಿ ಬ್ರೆಡ್ಡು ತಂದ,
ಲಾಳಗಳು ತುಂಬಿದ ಬುಟ್ಟಿಯನ್ನು ನನ್ನ ಮುಂದಿಟ್ಟ,
ಇವುಗಳಲ್ಲಿ ಯಾವುದೆಂದು ಹೇಳಲಾಗದು, ಎಂದ,
ತಪ್ಪು ತನ್ನದೇ ಎಂಬಂತೆ.

ಹೊರಡುವಾಗ ಸಂದರ್ಶಕರ ಪುಸ್ತಕ.
ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದೆ.
ಪೆನ್ನಿನಲ್ಲಿ ಬರೆಯಮ್ಮ, ಇಲ್ಲಿ ತೇವ ಜಾಸ್ತಿ, ಅಳಿಸಿಹೋಗುತ್ತೆ, ಎಂದ.
ಹೆಸರು ಬರೆದೆ, ನಮ್ಮ ಕಾಗುಣಿತದಲ್ಲಿ, ಒತ್ತಿ.
ಬಂದ ಕಾರಣ ಎಂಬಲ್ಲಿ ತುಸು ತಡೆದೆ.
ಹೇಸರಗತ್ತೆ, ಎಂದು ಬರೆದು
ಬಸ್ಸಿಗೆ ಓಡಿದೆ.