ಎಷ್ಟನೇ ಸೂಲು

ಮುಧೋಳದಾಗ ನಾಯಿ ಸಾಕೂದು ನಮ್ಮ ಮನಿ ಕಸಬು.
ಮರಿ ಒಯ್ಯಾಕ ಬಂದವರು ಬೆಲಿಗಿಂತ ಮೊದಲ ಕೇಳ್ತಾರ:
ಅಪ್ಪ ಯಾವುದು, ಅವ್ವ ಯಾವುದು, ಎಷ್ಟನೇ ಸೂಲು.
ನಾನು ವಹಿ ತಗದು, ಬೆರಳಿಟ್ಟು ಹೇಳ್ತೀನಿ.
ಹುಟ್ಟುಗುಣ ಸುಟ್ಟರೂ ಹೋಗದು ಅಂತಿದ್ದ ಅಪ್ಪ,
ಮರಿ ಮಾರಿದ ರೊಕ್ಕ ಎಣಿಸ್ಕೋತ.

ಮೊನ್ನೆ ಧಾರವಾಡದಿಂದ ಬಂದ ಡಾಕ್ಟರಮ್ಮ
ಮರಿ ಕೇಳಲಿಲ್ಲ. ಗೂಳಪ್ಪನ್ನ ಕೇಳಿದಳು.
ಅಪ್ಪ ಹೆಂಗ, ಅವ್ವ ಹೆಂಗ,
ಸಣ್ಣಾಂವ ಇದ್ದಾಗ ಬಡೀತಿದ್ದರೇನು.

ನಾಕು ಹೆಣ. ಕಡೀದು ಘಟಪ್ರಭಾ ದಂಡಿಯ ಕಬ್ಬಿನಾಗ.
ನಾಕೂ ಕುತ್ತಿಗಿ ಮ್ಯಾಲ ಬರೇ ಬೆರಳಿನ ಗುರುತು.
ತಮ್ಮ ಈಗ ಹಿಂಡಲಗಾದಾಗ ಅದಾನ.

ಬಡೀತಿದ್ದ ಅಂದೆ. ನಾಯಿ ಸರಪಳೀಲೆ.
ಆದರ ಆ ಸರಪಳಿ ಗುರುತು ನನ್ನ ಬೆನ್ನಿಗೂ ಐತ್ರಿ,
ನಾ ಈವತ್ತಿಗೂ ಕೋಳಿ ಕೊಯ್ಯೂದಕ್ಕ ಮುಖಾ ತಿರುವತೀನಿ.
ಹಂಗಾರ ರಕ್ತ, ಅಂತ ಬರಕೊಂಡಳು.
ರಕ್ತಾನೂ ಒಂದ ರೀ. ಅವ್ವ ಒಬ್ಬಾಕಿ, ಅಪ್ಪ ಒಬ್ಬಾಂವ.
ಆಕಿ ಪೆನ್ನು ನಿಂತಿತು.
ಹತ್ತೀಲೆ ನನ್ನ ಗಲ್ಲದ ಒಳಗ ಒರಸಿ ಸೀಸೆಕ್ಕ ಹಾಕಿಕೊಂಡಳು.

ಹತ್ತಿ ನೋಡಿ ನೆನಪಾತು:
ಅಪ್ಪ ಬಾವಿಗೆ ಒಗಿ ಅಂದಿದ್ದ ಸೊಟ್ಟಗಾಲಿನ ಮರೀನ
ಅಂಗಿಯೊಳಗ ಮುಚ್ಚಿಟ್ಟು, ಹಾಲಾಗ ಹತ್ತಿ ಅದ್ದಿ
ಹನ್ನೊಂದು ರಾತ್ರಿ ಉಣಿಸಿದಾಂವ ಗೂಳಪ್ಪ.
ಅದು ಬದುಕಿತು. ಅದರ ಪೀಳಿಗಿ ಇಗೋ, ನಿಮ್ಮ ಕಾಲಾಗ ಮಲಗೇತಿ.
ಇದನ್ನ ಎಲ್ಲಿ ಬರಕೋತೀರಿ ಅಂದೆ.
ಆಕಿ ನೀರು ಕೇಳಿದಳು.

ಜೀಪು ಹ್ವಾದ ಮ್ಯಾಲ ಪಡಸಾಲಿಗೆ ಬಂದೆ.
ನನ್ನ ಮಗ ಮರಿಯ ಕುತ್ತಿಗಿ ತುರಸಾಕತ್ತಿದ್ದ,
ಅದು ಕಣ್ಣು ಮುಚ್ಚಿ ಸುಖಪಡತಿತ್ತು.
ನಾ ಮರಿ ನೋಡಲಿಲ್ಲ.
ಬೆರಳು ನೋಡಿದೆ.