ಇನಾಸನ ಬೀಗ

ಎರಡು ನಿಮಿಷ ಹತ್ತು ಸೆಕೆಂಡು, ಅಂದ ಗುಲ್‌ಜಮಾನ್.
ಹಬ್ಬಕ್ಕೆ ಕೊಂಡ ಹೊಸ ವಾಚಿನಲ್ಲಿ ಎಣಿಸಿದ್ದ.
ನನ್ನ ಮುಷ್ಟಿಯೊಳಗೆ ಕೀಲಿಕೈ ಗೊಂಚಲು:
ಸೆಳವು ಬಂದವನ ಕೈಗೆ ಕಬ್ಬಿಣ ಕೊಡಬೇಕೆಂದು
ಅವನ ಸ್ವಾತ್‌ನಲ್ಲೂ ಹೇಳುತ್ತಾರಂತೆ,
ನಮ್ಮ ಸಿಂಧನೂರಿನ ಹಾಗೆಯೇ.
ಅಂಗೈಯಲ್ಲಿ ಹಲ್ಲುಹಲ್ಲಾಗಿ ಮೂಡಿದ್ದ ಅಚ್ಚು
ಅಸರ್ ಬಾಂಗಿನ ಹೊತ್ತಿಗೆ ಮಾಸಿತು.

ಡಾಕ್ಟರ್ ನಾಹೆದ್, ಅಲೆಕ್ಸಾಂಡ್ರಿಯಾದವರು,
ಕೀಲಿಕೈಯ ಕಥೆಗೆ ನಕ್ಕು, ಚೀಟಿಯ ಬೆನ್ನಿಗೆ ಗೆರೆ ಎಳೆದರು:
ಮಿಂಚು ಎರಡೇ ನಿಮಿಷದ್ದು.
ಹೋಗುವಾಗ ಮಾತ್ರ ಜೀನ್‌ಗಳಿಗೆ
ಗುರುತು ಕಟ್ಟಿ ಹೋಗುತ್ತದೆ. ಅಕ್ಷರವೊಂದೂ ಬದಲಾಗಿರುವುದಿಲ್ಲ,
ಓದಲು ಬಿಡುವುದಿಲ್ಲ ಅಷ್ಟೇ,
ವಾರಗಟ್ಟಲೆ, ಇನ್ನೂ ಹೆಚ್ಚು...
"ಇಲಿಗಳಲ್ಲಿ ಕಂಡದ್ದು," ಎಂದರು. "ನಿಮ್ಮಲ್ಲಿ ಎಷ್ಟೋ, ಗೊತ್ತಿಲ್ಲ."

ನನಗೆ ಗೊತ್ತು.
ಹನ್ನೊಂದು ವರ್ಷ ಜುಬೈಲಿನಲ್ಲಿ ನಾನು ಮಾಡಿದ್ದೇ ಅದು.
ರಿಪೇರಿಗೆ ಪ್ಲಾಂಟ್ ನಿಂತಾಗ ಸ್ವಿಚ್ಚು ಸ್ವಿಚ್ಚಿಗೂ
ಬೀಗ, ಕೆಂಪು ಚೀಟಿ: ಮುಟ್ಟಬೇಡಿ, ಒಳಗೆ ಆಳಿದ್ದಾನೆ.
ತಂತಿ ಸರಿಯಿದೆ, ಮೋಟರು ಸರಿಯಿದೆ,
ಚೀಟಿ ತೂಗುವ ತನಕ ಯಾವ ಮಗನೂ ಕೈ ಹಾಕುವಂತಿಲ್ಲ.

ಒಂದು ಸಲ ಎಲ್ಲ ಮುಗಿದು, ಪ್ಲಾಂಟ್ ಎದ್ದು
ಚಿಮಣಿಯ ತುದಿಗೆ ಬೆಂಕಿ ಬಂದ ಮೇಲೂ
ಒಂದು ಪಂಪು ಸುಮ್ಮನೆ ಕೂತಿತ್ತು.
ಅದಕ್ಕೆ ಇನಾಸನ ಬೀಗ.
ಕೀಲಿಕೈ ಅವನ ಪ್ಯಾಂಟಿನ ಜೇಬಿನಲ್ಲಿ,
ಪ್ಯಾಂಟು ದಮ್ಮಾಮಿನಲ್ಲಿ ವಿಮಾನ ಹತ್ತಿ ಹೊನ್ನಾವರದಲ್ಲಿ.
ಕತ್ತರಿಸಲು ಮೂವರ ಸಹಿ. ಅದಕ್ಕೂ ಮೊದಲು
ಫೋನು ಹಚ್ಚಿ ಕೇಳಬೇಕು, ನಿಯಮ:
"ಇನಾಸ್, ನೀನು ಒಳಗಿಲ್ಲ ತಾನೇ?"
"ಇಲ್ವೋ ಮಾರಾಯ, ಬಂಗಡೆ ತಗೊಳ್ತಾ ಇದ್ದೇನೆ."

ಈಗ ನಾನು ಏಣಿ ಹತ್ತುವಂತಿಲ್ಲ.
ಸಾಮಾನು ಕೋಣೆಯಲ್ಲಿ ಕೂತು
ಬೆಳಗ್ಗೆ ಬೀಗ ಎಣಿಸಿ ಕೊಡುತ್ತೇನೆ, ಸಂಜೆ ಎಣಿಸಿ ಇಸಕೊಳ್ಳುತ್ತೇನೆ.
ಸೆಳವು ಮತ್ತೆ ಬಂದಿಲ್ಲ, ಈ ಶುಕ್ರವಾರಕ್ಕೆ ಹತ್ತೊಂಬತ್ತು ವಾರ.
ಹಳೆಯದು ನೆನಪಿದೆ, ಇನಾಸನ ಬೀಗದ ನಂಬರು ೨೧೭.
ಹೊಸ ಹುಡುಗನ ಹೆಸರು ಮೂರು ಸಲ ಕೇಳಿದೆ,
ನಾಲ್ಕನೆಯ ಸಲ ನಾಚಿಕೆಯಾಗಿ
"ಏ ತಮ್ಮಾ" ಅಂದೆ. ಅವನು ಬಿಹಾರದವನು,
ತಮ್ಮಾ ಎಂದರೆ ತನ್ನ ಹೆಸರೆಂದೇ ತಿಳಿದು ಓಗೊಡುತ್ತಾನೆ.

ರಾತ್ರಿ ಗುಲ್‌ಜಮಾನನ ಗೊರಕೆ ಏರಿದ ಮೇಲೆ
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವಾಗ
ಕತ್ತಲಲ್ಲಿ ಮೆಲ್ಲಗೆ ಕರೆದು ನೋಡುತ್ತೇನೆ:
ಸೂಗಪ್ಪಾ, ನೀನು ಒಳಗಿಲ್ಲ ತಾನೇ?
ರಿಂಗಾಗುತ್ತಿದೆ.